ಕೀಲಿಕೈ ಯಾರ ಬಳಿ ಇದೆ?

ನಮ್ಮ ಧರ್ಮಕೇಂದ್ರಗಳಲ್ಲಿ ಮಗಳೋ ಸೊಸೆಯೋ ಶಿಕ್ಷಕಿಯಾಗಿರುವ ಮನೆಗಳು ಎಷ್ಟೋ ಇವೆ. ಪಿಯುಸಿ ಮುಗಿದೊಡನೆ ಡಿ.ಎಡ್., ಪದವಿ ಮುಗಿದೊಡನೆ ಬಿ.ಎಡ್. ಎಂಬುದು ಹಲವು ಕುಟುಂಬಗಳಲ್ಲಿ ಚರ್ಚೆಯೇ ಇಲ್ಲದೆ ತೀರ್ಮಾನವಾಗುವ ಸಂಗತಿ. ಆದುದರಿಂದ ಆ ಕಾಲೇಜುಗಳ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಶಿಕ್ಷಣ ಇಲಾಖೆಯ ತಲೆನೋವೆಂದು ಬಗೆದು ನಾವು ಕೈಕಟ್ಟಿ ಕೂರುವಂತಿಲ್ಲ. ನನ್ನ ಆಕ್ಷೇಪವನ್ನು ಮೊದಲೇ ಹೇಳಿಬಿಡುತ್ತೇನೆ. ‘ಶಿಕ್ಷಣದಲ್ಲಿ ತಂತ್ರಜ್ಞಾನ’ ಎಂಬ ದೊಡ್ಡ ಹೆಸರಿನಡಿ ನಮ್ಮ ಪ್ರಶಿಕ್ಷಣಾರ್ಥಿಗಳು ಕಲಿಯುತ್ತಿರುವುದು ಬಹುಮಟ್ಟಿಗೆ ಕಡತ ಕಟ್ಟುವ ವಿದ್ಯೆಯನ್ನು. ಅದರ ದಂಡವನ್ನು ತೆರುತ್ತಿರುವವರು ಹಳ್ಳಿಯ ಶಾಲೆಯ ಕೊನೆಯ ಸಾಲಿನಲ್ಲಿ ಕುಳಿತ ಮಕ್ಕಳು.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಮೋರಖಂಡಿಯಂಥ ಊರಿಗೆ ಬೋಧನಾಭ್ಯಾಸಕ್ಕೆಂದು ಬರುವ ಒಬ್ಬ ಪ್ರಶಿಕ್ಷಣಾರ್ಥಿಯನ್ನು ಕಲ್ಪಿಸಿಕೊಳ್ಳಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ ವ್ಯಾಸಂಗವಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರ, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶಾತ್ಮಕವಾಗಿ ಅರಿಯುವ ಒಂದು ಪತ್ರಿಕೆಯೂ ಸೇರಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ಆದರೆ ಅಂಕ ಬೀಳುವುದು ಯಾವುದಕ್ಕೆ ಎಂದು ವಿಚಾರಿಸಿ ನೋಡಿ. ಹತ್ತು ಸ್ಲೈಡುಗಳ ಒಂದು ಪಿಪಿಟಿ, ಅದರ ಬಣ್ಣದ ಮುದ್ರಣವನ್ನು ಅಂಟಿಸಿದ ರೆಕಾರ್ಡ್ ಪುಸ್ತಕ, ಮೇಲೆ ಹೊಳೆಯುವ ಹೊದಿಕೆ. ಅನೇಕ ಕಡೆ ಇದನ್ನು ಮಾಡಿಕೊಡಲೆಂದೇ ಕಾಲೇಜಿನ ಎದುರು ಝೆರಾಕ್ಸ್ ಅಂಗಡಿಗಳಿವೆ. ಹಿಂದಿನ ವರ್ಷದವರ ಕಡತದಲ್ಲಿ ಹೆಸರು ಬದಲಾಯಿಸಿದರೆ ಮುಗಿಯಿತು. ಬಾಹ್ಯ ಪರೀಕ್ಷಕರು ಬರುವ ದಿನ ಕಾಲೇಜಿನ ಪ್ರೊಜೆಕ್ಟರು ಬೆಳಗುತ್ತದೆ, ಸಹಪಾಠಿಗಳೇ ಮಕ್ಕಳಂತೆ ಕೈಯೆತ್ತಿ ಉತ್ತರ ಹೇಳುತ್ತಾರೆ. ಆ ಹುಡುಗಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಾಳೆ.

ಅದೇ ಹುಡುಗಿ ಹಳ್ಳಿಯ ಶಾಲೆಗೆ ಬಂದು ವಿಜ್ಞಾನ ಪಾಠಕ್ಕೆಂದು ಮೊಬೈಲಿನಲ್ಲಿ ಒಂದು ಚಿತ್ರತುಣುಕನ್ನು ತೋರಿಸುತ್ತಾಳೆನ್ನೋಣ. ಅದರೊಳಗಿನ ಧ್ವನಿ ಹಳೆಯ ಮೈಸೂರಿನ ಕನ್ನಡದ್ದು. ‘ಕಡಲೆಕಾಯಿ ಮಣ್ಣಿನೊಳಗೆ ಬೆಳೆಯುತ್ತದೆ’ ಎನ್ನುತ್ತದೆ ಅದು. ಮುಂದೆ ಕುಳಿತ ಮಗುವಿನ ನಾಡಿನಲ್ಲಿ ಅದಕ್ಕೆ ಶೇಂಗಾ ಎಂದು ಹೆಸರು. ಕಡಲೆ ಎಂದರೆ ಅಪ್ಪನ ಹೊಲದಲ್ಲಿ ಹಿಂಗಾರಿಗೆ ಬಿತ್ತುವ, ಗಿಡದ ಮೇಲೆಯೇ ಕಾಯಿ ಬಿಡುವ ಬೇರೊಂದು ಬೆಳೆ. ಮಗು ತಾನು ಕಣ್ಣಾರೆ ಕಂಡದ್ದು ತಪ್ಪು, ಪರದೆ ಹೇಳಿದ್ದು ಸರಿ ಎಂದು ತಿಳಿಯುತ್ತದೆ. ಇಲ್ಲವೆ ಪರದೆಯ ಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತದೆ. ಆ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ‘ನಮ್ಮಲ್ಲಿ ಇದಕ್ಕೇನು ಅಂತೀರಿ?’ ಎಂದು ಕೇಳಬಲ್ಲವಳು ಶಿಕ್ಷಕಿ ಮಾತ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಯವರೊಡನೆ ಉರ್ದು, ತಾಂಡಾದಲ್ಲಿ ಲಂಬಾಣಿ ಎಂಬಂತೆ ಬದುಕುವ ಗಡಿ ತಾಲೂಕಿನಲ್ಲಿ ಇಂಥ ನಿಲುಗಡೆಗಳು ಒಂದು ಪಾಠಕ್ಕೆ ಐದಾರು ಬೇಕಾಗುತ್ತವೆ. ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಏನು ಕೇಳಬೇಕು ಎಂಬುದೇ ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸುವ ವಿದ್ಯೆಯ ಮುಕ್ಕಾಲು ಪಾಲು. ಅದಕ್ಕೆ ರೆಕಾರ್ಡ್ ಪುಸ್ತಕದಲ್ಲಿ ಒಂದು ಅಂಕವೂ ಇಲ್ಲ!

ಇದು ಹೊಸ ಕಾಯಿಲೆಯೆಂದು ಯಾರೂ ತಿಳಿಯಬಾರದು. ಅರ್ಧ ಶತಮಾನದ ಹಿಂದೆ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕೆಯಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಕಳುಹಿಸಲಾಯಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ನೆರೆಯ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮ. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿಯನ್ನು ಕೂಡಿಸಿ ಕಳುಹಿಸುವ ಸೌಲಭ್ಯವೂ ಆ ಉಪಗ್ರಹದಲ್ಲಿತ್ತು. ವಿಜ್ಞಾನಿಗಳ ಸಾಹಸವನ್ನು ಮೆಚ್ಚಲೇಬೇಕು. ಆ ಪ್ರಯೋಗದ ರೂವಾರಿಗಳಿಗೆ ಶಿಕ್ಷಕರ ನೆನಪೂ ಇತ್ತು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಅದೇ ಉಪಗ್ರಹದ ಮೂಲಕ ನೀಡಿದರು. ಒಂದು ವರ್ಷದ ತರುವಾಯ ಉಪಗ್ರಹ ಒಡೆಯರ ಬಳಿಗೆ ಮರಳಿತು. ಗುಲ್ಬರ್ಗಾದಲ್ಲಿ 1977ರಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರವೇನೋ ಬಂದಿತು. ಆದರೆ ದೂರದರ್ಶನವನ್ನು ಪಾಠದ ಸಾಧನವಾಗಿ ಬಳಸುವ ಅಭ್ಯಾಸ ನಮ್ಮ ತರಬೇತಿ ಸಂಸ್ಥೆಗಳಲ್ಲಿ ಬೇರೂರಲಿಲ್ಲ. ಪೆಟ್ಟಿಗೆ ಉಳಿಯಿತು, ಅಭ್ಯಾಸ ಹೋಯಿತು.

ಮುಂದಿನದೂ ಇದೇ ಕಥೆಯ ಪುನರಾವರ್ತನೆ. 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಗಣಕಯಂತ್ರಗಳು ಆಯ್ದ ಶಾಲೆಗಳಿಗೆ ಬಂದವು. ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರದ ‘ಮಾಹಿತಿ ಸಿಂಧು’, 2004ರ ಕೊನೆಯಲ್ಲಿ ಕೇಂದ್ರದ ಐಸಿಟಿ ಯೋಜನೆ. ಈ ಹಂತದಲ್ಲಿ ನಮ್ಮ ರಾಜ್ಯ ಆರಿಸಿಕೊಂಡ ಹಾದಿಯನ್ನು ಗಮನಿಸಬೇಕು. ಯಂತ್ರ, ದುರಸ್ತಿ, ಕಡೆಗೆ ಕಲಿಸುವ ಬೋಧಕರನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು, ಅವಧಿ ಮುಗಿದ ಮೇಲೆ ಶಾಲೆಗೆ ಹಸ್ತಾಂತರಿಸುವ ಪದ್ಧತಿ ಅದು. ಗಣಿತದ ಶಿಕ್ಷಕರಿಗೂ ಗಣಕಯಂತ್ರದ ಕೋಣೆಗೂ ಸಂಬಂಧವೇ ಇಲ್ಲವೆಂಬಂತಾಯಿತು. ಗುತ್ತಿಗೆ ಮುಗಿದು ಬೋಧಕ ಹೊರಟುಹೋದ ಮೇಲೆ ಆ ಕೋಣೆಯ ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಒಳಗೆ ಸೇರಿತು. ಕೆಟ್ಟರೆ ಜವಾಬ್ದಾರಿ ಯಾರದೆಂಬ ಭಯ ಅವರದು. ತನಗೆ ಕೊಟ್ಟ ತಲಾಂತನ್ನು ಕಳೆದೀತೆಂಬ ಹೆದರಿಕೆಯಿಂದ ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವು ದೇವಾಲಯದಲ್ಲಿ ಕೇಳಿದ್ದೇವೆ. ಆ ಸೇವಕನನ್ನು ಮಾತ್ರ ದೂರುವುದು ಸುಲಭ. ಹಾಳಾದರೆ ನಿನ್ನ ಸಂಬಳದಿಂದ ಮುರಿದುಕೊಳ್ಳುತ್ತೇವೆ ಎಂದು ಹೆದರಿಸಿ ತಲಾಂತನ್ನು ಕೈಗಿಟ್ಟ ವ್ಯವಸ್ಥೆಗೇನು ಹೇಳೋಣ?

ಇನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್. ಶಿಕ್ಷಣಕ್ಕೆಂದೇ ರೂಪಿಸಿದ ಉಪಗ್ರಹವೆಂದು ಅದನ್ನು ಕೊಂಡಾಡಿದ್ದು ನಮಗೆಲ್ಲ ನೆನಪಿದೆ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಚಾವಣಿಯ ಮೇಲೆ ಬುಟ್ಟಿಯಂಥ ಆಂಟೆನಾಗಳು ಎದ್ದವು. 2010ರಲ್ಲಿ ಉಪಗ್ರಹದ ಆಯುಷ್ಯ ತೀರಿತು. ಹೆಚ್ಚೇನು ಹೇಳುವುದು?

2020ರ ಮಹಾಮಾರಿಯ ವರ್ಷವಂತೂ ಎಲ್ಲವನ್ನೂ ಬಯಲಿಗೆ ಎಳೆಯಿತು. ಜುಲೈನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂದಿತು. ಸ್ಮಾರ್ಟ್‌ಫೋನೂ ಇಂಟರ್ನೆಟ್ಟೂ ಇರುವ ಮಕ್ಕಳು, ಬರಿಯ ಸಾದಾ ಮೊಬೈಲ್ ಇರುವ ಮಕ್ಕಳು, ಏನೂ ಇಲ್ಲದ ಮಕ್ಕಳು ಎಂದು ಸರ್ಕಾರವೇ ಮೂರು ಗುಂಪು ಮಾಡಿ, ಶಿಕ್ಷಕರನ್ನು ಗುಡಿಯ ಕಟ್ಟೆಗೂ ಮರದಡಿಗೂ ವಠಾರಕ್ಕೂ ಕಳುಹಿಸಿತು. ಸೋಂಕಿನ ಕಾರಣ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಆ ಕಾರ್ಯಕ್ರಮದ ಕುಂದುಕೊರತೆ ಏನೇ ಇರಲಿ, ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಯಾವ ಮಗುವಿನ ಕೈಯಲ್ಲಿ ಏನಿದೆ ಎಂದು ಮೊದಲು ಎಣಿಸಿತು, ಬಳಿಕ ಪಾಠದ ದಾರಿ ಹುಡುಕಿತು. ನಮ್ಮ ಶಿಕ್ಷಕ ತರಬೇತಿಯ ಪಠ್ಯಕ್ಕೆ ಇದಕ್ಕಿಂತ ಉತ್ತಮ ಮೊದಲ ಅಧ್ಯಾಯ ದೊರೆಯದು. ಆದರೆ ಸೋಂಕು ಇಳಿದೊಡನೆ ಆ ಅನುಭವವನ್ನು ಹಾಳೆಗಿಳಿಸುವ ಗೋಜಿಗೆ ಹೋಗದೆ ಕಾಲೇಜುಗಳು ಮರಳಿ ಪಿಪಿಟಿಗೆ ಶರಣಾದವು.

ಇಲ್ಲಿ ಎರಡು ಬಗೆಯ ಜನ ನನ್ನನ್ನು ತಡೆಯುತ್ತಾರೆ. ಮೊದಲನೆಯವರು, ‘ಹಳ್ಳಿಯ ಮಕ್ಕಳಿಗೆ ಇವೆಲ್ಲ ಏಕೆ? ಒಳ್ಳೆಯ ಗುರುವಿಗೆ ಸೀಮೆಸುಣ್ಣ ಸಾಕು’ ಎನ್ನುವ ಹಿರಿಯರು. ಅವರ ಮಾತಿನಲ್ಲಿ ಪ್ರೀತಿಯಿದೆ; ಅನ್ಯಾಯವೂ ಇದೆ. ತಮ್ಮ ಮೊಮ್ಮಕ್ಕಳನ್ನು ನಗರದ ಶಾಲೆಗೆ ಸೇರಿಸಿ, ಹಳ್ಳಿಯ ಮಗುವಿಗೆ ಸೀಮೆಸುಣ್ಣವನ್ನು ಶಿಫಾರಸು ಮಾಡುವುದು ಯಾವ ನ್ಯಾಯ? ಇಷ್ಟಕ್ಕೂ ಸೀಮೆಸುಣ್ಣವೇನು, ಪುಸ್ತಕವೂ ಒಮ್ಮೆ ಹೊಸ ತಂತ್ರಜ್ಞಾನವೇ ಆಗಿತ್ತು. ಮಂಗಳೂರಿನಲ್ಲಿ 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಹಡಗಿನಿಂದ ಇಳಿದ ಅಚ್ಚಿನ ಯಂತ್ರ ತಾನಾಗಿ ಕನ್ನಡ ಕಲಿಯಲಿಲ್ಲ; ಊರಿನ ಜನ ಅದನ್ನು ನಡೆಸಲು ಕಲಿತರು, ಆಮೇಲೆ ಅದು ಕನ್ನಡದ್ದಾಯಿತು.

ಎರಡನೆಯವರು ಇನ್ನೂ ಅಪಾಯಕಾರಿ. ಯಂತ್ರ ಬಂದರೆ ಶಿಕ್ಷಕರ ಕೊರತೆಯೇ ನೀಗುತ್ತದೆ ಎನ್ನುವ ಮಾರಾಟಗಾರರು, ಅವರ ಮಾತಿಗೆ ತಲೆದೂಗುವ ಅಧಿಕಾರಿಗಳು. ಚಲನಚಿತ್ರ ಬಂದ ಮೇಲೆ ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿರದು ಎಂದು 1913ರಲ್ಲಿಯೇ ಥಾಮಸ್ ಎಡಿಸನ್ ಸಾರಿದ್ದರು. ಪುಸ್ತಕ ಇನ್ನೂ ಇದೆ. ದಕ್ಷಿಣ ಅಮೆರಿಕೆಯ ಪೆರು ದೇಶ ಎಂಟು ಲಕ್ಷಕ್ಕೂ ಮಿಗಿಲಾಗಿ ಅಗ್ಗದ ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಹಂಚಿತು. ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಹೊರಬಂದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆಯ ಪುರಾವೆ ಸಿಗಲಿಲ್ಲ. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಗುಜರಾತನ್ನು ನೋಡಬಹುದು. ಅಲ್ಲಿ ಗಣಿತದ ಒಂದೇ ತಂತ್ರಾಂಶವನ್ನು ಎರಡು ರೀತಿಯಲ್ಲಿ ಬಳಸಿ ನೋಡಿದರು. ಶಿಕ್ಷಕರ ಪಾಠದ ಹೊತ್ತನ್ನು ಕಿತ್ತುಕೊಂಡು ಯಂತ್ರಕ್ಕೆ ಕೊಟ್ಟ ಕಡೆ ಮಕ್ಕಳು ಮೊದಲಿಗಿಂತ ಕಡಿಮೆ ಕಲಿತರು. ಪಾಠ ಮುಗಿದ ಮೇಲೆ ಹೆಚ್ಚುವರಿ ಅಭ್ಯಾಸವಾಗಿ ಕೊಟ್ಟ ಕಡೆ, ಅದರಲ್ಲೂ ಹಿಂದುಳಿದ ಮಕ್ಕಳು, ಹೆಚ್ಚು ಕಲಿತರು. 2008ರಲ್ಲಿ ಪ್ರಕಟವಾದ ಫಲಿತಾಂಶವಿದು. ಯಂತ್ರ ಅದೇ, ತಂತ್ರಾಂಶ ಅದೇ, ಮಕ್ಕಳೂ ಅಂಥವರೇ. ಬೇರೆಯಾದದ್ದು ಅದನ್ನು ದಿನದ ಯಾವ ಹೊತ್ತಿಗೆ, ಯಾವುದರ ಬದಲಿಗೆ ಇಟ್ಟರು ಎಂಬುದಷ್ಟೇ. ಈ ವಿವೇಚನೆಯನ್ನು ಪ್ರಶಿಕ್ಷಣಾರ್ಥಿಗೆ ಎರಡು ವರ್ಷದಲ್ಲಿ ಒಮ್ಮೆಯಾದರೂ ಯಾರು ಕಲಿಸುತ್ತಾರೆ?

ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ನೆರೆಯ ಕೇರಳ 2001ರಲ್ಲಿ ‘ಐಟಿ@ಸ್ಕೂಲ್’ ಆರಂಭಿಸಿದಾಗ ಶಾಲೆಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿತು, ಕಾಲಕ್ರಮದಲ್ಲಿ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿತು, 2017ರಲ್ಲಿ ಅದನ್ನು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿ ಮಾರ್ಪಡಿಸಿತು. 45,000 ತರಗತಿ ಕೋಣೆಗಳನ್ನು ಸಜ್ಜುಗೊಳಿಸುವ ಹೊತ್ತಿಗೆ ಅವುಗಳನ್ನು ಬಳಸಬಲ್ಲ ಶಿಕ್ಷಕರು ಅಲ್ಲಿದ್ದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕ ವಿಷಯದ ಪಠ್ಯಪುಸ್ತಕವನ್ನು ಕನ್ನಡದಲ್ಲಿಯೇ ಓದುತ್ತಾರೆ. ಮಲೆಯಾಳದ ರಾಜ್ಯ ತನ್ನ ಗಡಿಯ ಕನ್ನಡ ಮಗುವಿಗೆ ಕೊಟ್ಟ ಈ ಗೌರವವನ್ನು ಕನ್ನಡದ ರಾಜ್ಯ ತನ್ನ ಬೀದರದ ಮಗುವಿಗೆ ಕೊಟ್ಟಿದೆಯೇ? 2016-17ರಿಂದ ನಮ್ಮಲ್ಲೂ ಪ್ರೌಢಶಾಲಾ ಶಿಕ್ಷಕರನ್ನು ಕರೆಸಿ ತಂತ್ರಜ್ಞಾನದ ತರಬೇತಿ ಕೊಡುವ ‘ತಾಲ್ಪ್’ ಕಾರ್ಯಕ್ರಮ ನಡೆದಿದೆ, ಅದು ಸರಿಯಾದ ದಿಕ್ಕಿನ ಹೆಜ್ಜೆ ಎಂದು ಒಪ್ಪುತ್ತೇನೆ. 2017ರ ಶಿಕ್ಷಕರ ದಿನಾಚರಣೆಯಂದು ‘ದೀಕ್ಷಾ’ ವೇದಿಕೆ ಬಂದಿತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಸಂಕೇತಗಳು ಮೂಡಿದವು. 2023ರ ನವೆಂಬರ್‌ನಿಂದ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತನ್ನು ಉಚಿತಗೊಳಿಸುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಸೇವೆಗೆ ಸೇರಿದ ಮೇಲೆ ಹತ್ತು ದಿನ ಕರೆದು ತಿದ್ದುವ ಬದಲು, ಸೇರುವ ಮುನ್ನ ಎರಡು ವರ್ಷ ಕೈಯಲ್ಲಿರುವ ಯುವಕ ಯುವತಿಯರನ್ನು ಸರಿಯಾಗಿ ತಯಾರು ಮಾಡಬಾರದೇ?

‘ಇಂದಿನ ಹುಡುಗಿಯರಿಗೆ ಮೊಬೈಲ್ ಕಲಿಸಬೇಕೇ? ಅವರೇ ನಮಗೆ ಕಲಿಸುತ್ತಾರೆ’ ಎಂದು ಕೆಲವು ಉಪನ್ಯಾಸಕರು ನಗುತ್ತಾರೆ. ವಾಟ್ಸ್‌ಆ್ಯಪ್ ಬಲ್ಲವಳಿಗೆ ಬೋಧನೆ ಬಂದೀತೆಂಬುದು, ಒಲೆ ಹಚ್ಚಲು ಬಲ್ಲವರಿಗೆಲ್ಲ ಮದುವೆಮನೆಯ ಅಡುಗೆ ಬಂದೀತೆಂದಂತೆ.

ಕಲಿಸಬೇಕಾದುದಾದರೂ ಏನು? ಮೋರಖಂಡಿಯನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ಮೂರನೆಯ ಗೋವಿಂದನ ತಾಮ್ರಪಟಗಳಲ್ಲಿ ಮಯೂರಖಂಡಿ ಎಂಬ ಸ್ಥಳದ ಹೆಸರು ಬರುತ್ತದೆ. ಅದು ಇದೇ ಮೋರಖಂಡಿ ಎಂದು ಕೆಲವು ವಿದ್ವಾಂಸರು, ಅಲ್ಲ, ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಮಾರ್ಕಿಂಡ ಎಂದು ಬೇರೆಯವರು. ಏಳನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಸೊಗಸಾದ ಇತಿಹಾಸ ಪಾಠ ಬೇಕೇ? ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಎರಡೂ ಊರುಗಳನ್ನು ಹುಡುಕಲಿ. ಒಂದು ಬಯಲುಸೀಮೆಯ ಊರು, ಇನ್ನೊಂದು ಬೆಟ್ಟದ ಕೋಟೆ ಎಂಬುದನ್ನು ತಾವೇ ಕಾಣಲಿ. ರಾಜನೊಬ್ಬ ಎಲ್ಲಿ ಬೀಡು ಬಿಟ್ಟಾನೆಂದು ವಾದಿಸಲಿ. ಊರಿನ ಹಿರಿಯರು ಹೆಸರಿನ ಬಗ್ಗೆ ಹೇಳುವ ಕಥೆಯನ್ನು ಧ್ವನಿಮುದ್ರಿಸಿ ತರಲಿ. ಇದಕ್ಕೆ ಬೇಕಾದುದು ಒಂದೇ ಒಂದು ಫೋನು, ಅರ್ಧ ಗಂಟೆಯ ನೆಟ್‌ವರ್ಕು, ಪ್ರಶ್ನೆ ಕೇಳಬಲ್ಲ ಒಬ್ಬ ಶಿಕ್ಷಕಿ. ಹುಮನಾಬಾದ ತಾಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಒಂದು ಛಾಯಾಚಿತ್ರ ತೆಗೆದು ಹಿಗ್ಗಿಸಿ ತೋರಿಸಿದರೆ, ಒಂಬೈನೂರು ವರ್ಷಗಳಷ್ಟು ಹಿಂದೆ ತಮ್ಮ ಸೀಮೆಯಲ್ಲಿ ಬರೆಯುವ ಹೆಣ್ಣನ್ನು ಕಲ್ಲಿನಲ್ಲಿ ಕಡೆದಿದ್ದರೆಂದು ಹೆಣ್ಣುಮಕ್ಕಳು ಕಣ್ಣಾರೆ ಕಂಡಾರು. ಅದರ ಬದಲು ನಾವು ಎಲ್ಲೋ ತಯಾರಾದ ಬೇಲೂರಿನ ಸ್ಲೈಡನ್ನು ಅವರ ಮುಂದೆ ಓಡಿಸುತ್ತೇವೆ.

ಓದು ಕಲಿಸುವುದರಲ್ಲಿಯೂ ಅಷ್ಟೇ. ಮೂರನೆಯ ತರಗತಿಯ ಮಗು ಗಟ್ಟಿಯಾಗಿ ಓದುವುದನ್ನು ಫೋನಿನಲ್ಲಿ ಎರಡು ನಿಮಿಷ ಮುದ್ರಿಸಿಕೊಂಡು, ಸಂಜೆ ಕೇಳಿ, ಯಾವ ಒತ್ತಕ್ಷರದಲ್ಲಿ ಎಡವುತ್ತಿದೆ ಎಂದು ಗುರುತಿಸಿ, ತಿಂಗಳ ಬಳಿಕ ಮತ್ತೆ ಮುದ್ರಿಸಿ ಹೋಲಿಸುವುದು ಯಾವ ಪರದೆಗಿಂತಲೂ ಮೇಲಾದ ಬಳಕೆ. ಆದರೆ ಎರಡು ನಿಮಿಷದ ಧ್ವನಿಮುದ್ರಿಕೆಯನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಲಾಗುವುದಿಲ್ಲವಲ್ಲ! ಮಕ್ಕಳ ಮುಖವನ್ನೂ ಧ್ವನಿಯನ್ನೂ ಸೆರೆಹಿಡಿದು ಎಲ್ಲೆಂದರಲ್ಲಿ ಹರಿಯಬಿಡಬಾರದೆಂಬ ಎಚ್ಚರವನ್ನೂ ಅವಳಿಗೆ ಕಲಿಸಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಮಕ್ಕಳ ಮಾಹಿತಿಯ ವಿಷಯದಲ್ಲಿ ಪಾಲಕರ ಒಪ್ಪಿಗೆಯ ಮಾತನ್ನು ತಂದಿದೆ. ಮಗುವಿನ ಕಣ್ಣೀರಿನ ವಿಡಿಯೊ ಹಾಕಿ ಮೆಚ್ಚುಗೆ ಗಿಟ್ಟಿಸುವ ಶಿಕ್ಷಕರನ್ನು ಕಂಡಾಗ, ಈ ಪಾಠ ಯಾವ ಕಾಲೇಜಿನಲ್ಲಿಯೂ ನಡೆದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಸಭೆಯ ಆಡಳಿತದಲ್ಲಿರುವ ಶಾಲೆಗಳಲ್ಲೂ ‘ಸ್ಮಾರ್ಟ್ ಕ್ಲಾಸ್’ ಎಂಬ ಫಲಕ ತೂಗುತ್ತಿದೆ, ಶುಲ್ಕದ ಚೀಟಿಯಲ್ಲಿ ಅದಕ್ಕೊಂದು ಸಾಲೂ ಇದೆ. ಪಾಲಕರಾದ ನಾವೂ ಫಲಕ ನೋಡಿಯೇ ಶಾಲೆ ಆರಿಸುತ್ತೇವೆ; ಸತ್ಯಕ್ಕೆ ಮುಖ ತಿರುಗಿಸುವುದು ಬೇಡ. ಅಲ್ಲಿ ಪಾಠ ಮಾಡುವ ಯುವ ಶಿಕ್ಷಕಿಗೆ ಕಂಪನಿಯವರು ಒಂದು ಮಧ್ಯಾಹ್ನ ಬಂದು ಗುಂಡಿ ಒತ್ತುವುದನ್ನು ತೋರಿಸಿ ಹೋಗಿರುತ್ತಾರೆ. ಆಕೆಯ ಸಂಬಳವೆಷ್ಟು, ಪಾಠ ಸಿದ್ಧಪಡಿಸಲು ವಾರಕ್ಕೆ ಎಷ್ಟು ಬಿಡುವಿನ ಅವಧಿಗಳಿವೆ, ಡೇಟಾ ಖರ್ಚನ್ನು ಭರಿಸುವವರು ಯಾರು ಎಂದು ಪಾಲಕರ ಸಭೆಯಲ್ಲಿ ಕೇಳಿದವರುಂಟೇ? ಪರದೆ ಕೊಳ್ಳಲು ಕೂಡಿಬಂದ ಹಣ ಆ ಬಿಡುವಿಗೆ ಏಕೆ ಕೂಡಿಬರುವುದಿಲ್ಲ?

ನಮ್ಮ ಸಂಸ್ಥೆಗಳು ನಡೆಸುವ ಶಿಕ್ಷಕರ ತರಬೇತಿ ಕಾಲೇಜುಗಳಾದರೂ ಬೇರೆ ರೀತಿ ನಡೆಯಬಹುದು. ಅದಕ್ಕೆ ಇಡೀ ರಾಜ್ಯದ ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಆಂತರಿಕ ಅಂಕಗಳು ಕಾಲೇಜಿನ ಕೈಯಲ್ಲಿಯೇ ಇವೆ. ತಂತ್ರಜ್ಞಾನದ ಅಂಕವನ್ನು ಪಿಪಿಟಿಗೆ ಕೊಡುವುದನ್ನು ನಿಲ್ಲಿಸಿ, ಹಳ್ಳಿಯ ಶಾಲೆಯಲ್ಲಿ ಅವಳು ಮಾಡಿದ ಪಾಠಕ್ಕೆ ಕೊಡಲಿ. ಉಪನ್ಯಾಸಕರು ಮುನ್ಸೂಚನೆಯಿಲ್ಲದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲಿ. ಪಾಠದ ನಡುವೆ ವಿದ್ಯುತ್ತು ಹೋದರೆ ಅವಳೇನು ಮಾಡುತ್ತಾಳೆ, ಚಿತ್ರವನ್ನು ಎಷ್ಟು ಸಲ ನಿಲ್ಲಿಸುತ್ತಾಳೆ, ಶೇಂಗಾ ಎಂದ ಮಗುವಿಗೆ ಏನು ಹೇಳುತ್ತಾಳೆ ಎಂಬುದನ್ನು ಬರೆದುಕೊಳ್ಳಲಿ. ಬೇಸಿಗೆಯ ಎರಡು ತಿಂಗಳು ನಮ್ಮ ಶಾಲೆಗಳ ಗಣಕಯಂತ್ರದ ಕೋಣೆಗಳು ಹೇಗೂ ಬೀಗ ಹಾಕಿಯೇ ಇರುತ್ತವೆ. ಸುತ್ತಲಿನ ಹಳ್ಳಿಗಳ ಪ್ರಶಿಕ್ಷಣಾರ್ಥಿಗಳಿಗೆ, ಅವರು ಯಾವ ಮತದವರೇ ಆಗಲಿ, ಯಾವ ಕಾಲೇಜಿನವರೇ ಆಗಲಿ, ಅವುಗಳನ್ನು ತೆರೆದಿಡಬಹುದು. ಒಂದೆರಡು ಮೌಸು ಕೆಟ್ಟಾವು. ಅದರ ಬೆಲೆ ಕೆಲವು ನೂರು ರೂಪಾಯಿ. ಧರ್ಮಕೇಂದ್ರದ ಹಬ್ಬದ ದಿನ ನಾವು ಸುಡುವ ಪಟಾಕಿಯ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ನೋಡಿ, ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಗುರುಗಳ ಮುಂದಿಡಿ.